ಸೋರ್ಯೋ ಮುರ್ಯೋ

ಇನ್ನೂರು ಯೆನ್‌ಗೆ ಹಳೇ ರೈಸ್ ಕುಕ್ಕರ್ ಸಿಕ್ಕಿತು ಅಂತ ಗೌಡ ಬೀಗಿದ್ದ. ಪಾರ್ಸಲ್‌ನವನು ಬಾಗಿಲಿಗೆ ಬಂದು ಸಾವಿರದ ಮೇಲೆ ಕೇಳಿದನಂತೆ. ಒಸಾಕಾದಿಂದ ಟೋಕಿಯೋಗೆ ಬಂದವನು ಅಲ್ಲಿನ ನಿಶಿಕಸಾಯ್ ಬಡಾವಣೆಯಲ್ಲಿ ನಮ್ಮೆದುರು ಕೂತು ಅದನ್ನೇ ಗೋಳಾಡುತ್ತಿದ್ದ.

"ಜಾಹೀರಾತಿನಲ್ಲಿ 'ಚಾಕುಬರಾಯ್' ಅಂತ ಇರಲಿಲ್ವಾ?" ಅಂದರು ಶೈಲಕ್ಕ.

"ಇತ್ತು. ಕುಕ್ಕರ್ ಕಂಪನಿ ಹೆಸರು ಅಂದುಕೊಂಡೆ."

"ಸಾಗಣೆ ದುಡ್ಡು ಪಾರ್ಸಲ್ ತಗೊಂಡವರದ್ದು ಅಂತ ಅದರರ್ಥ. ಕಳಿಸುವವರೇ ಕೊಟ್ಟರೆ ಮೊತೊಬರಾಯ್."

"ಚಾಕು ಅಂದಾಗಲೇ ಹುಷಾರಾಗಬೇಕಿತ್ತು ಕಣೋ," ಅಂದ ಭಟ್ಟ. "ಕನ್ನಡ ಕಿವಿಗೆ ಈ ಭಾಷೆ ಮೊದಲೇ ಸುಳಿವು ಕೊಡುತ್ತದೆ. ಸಾಗಣೆ ಖರ್ಚು ಸೋರ್ಯೋ. ದುಡ್ಡು ಸೋರಿತು ಅಂತಲೇ ಲೆಕ್ಕ. ಅಂಚೆ ಚೀಟಿ? ಕಿತ್ತೆ!"

"ಕಿತ್ತಿದ್ದು ನಿಜವೇ," ಅಂದರು ಶೈಲಕ್ಕ. "2024ರ ಅಕ್ಟೋಬರ್‌ನಲ್ಲಿ ಮಾಮೂಲಿ ಕಾಗದಕ್ಕೆ ಹಚ್ಚುವ ಕಿತ್ತೆ 84 ಯೆನ್‌ನಿಂದ 110ಕ್ಕೆ ಏರಿತು. ಹಗಾಕಿ, ಅದೇ ಅಂಚೆ ಕಾರ್ಡು, 63ರಿಂದ 85."

"ಅದಕ್ಕೇ ಹೊಸ ವರ್ಷದ ಹಗಾಕಿ ಬರಲಿಲ್ಲ ನನಗೆ. ಪಟ್ಟಿಯಿಂದ ನನ್ನ ಹೆಸರನ್ನೂ ಕಿತ್ತಿದ್ದಾರೆ."

ಬಂದರೂ ಭಟ್ಟ ಉತ್ತರ ಬರೆಯುವ ಪೈಕಿ ಅಲ್ಲ, ಅದು ಬೇರೆ ಮಾತು.

"ನಾನಂತೂ 'ಸೋರ್ಯೋ ಮುರ್ಯೋ' ಅಂತ ಇದ್ದರೆ ಮಾತ್ರ ಕೊಳ್ಳುವುದು," ಭಟ್ಟ ಮೀಸೆ ತಿರುವಿದ. "ಸಾಗಣೆ ಪುಕ್ಕಟೆ."

"ಪುಕ್ಕಟೆ ಎಲ್ಲಿಂದ ಬಂತು? ಲಾರಿ ಡ್ರೈವರ್ ಸೊಂಟ ಮುರಿಯೋದು ಅದು," ಶೈಲಕ್ಕನಿಗೆ ಸಿಟ್ಟೇ ಬಂತು. "ಆ ಮಾತು ಕೈಬಿಡಿ ಅಂತ ಲಾರಿ ಸಾಗಣೆದಾರರ ಸಂಘವೇ ಕೇಳಿಕೊಂಡಿತ್ತು. ಗ್ರಾಹಕರ ವ್ಯವಹಾರ ನೋಡುವ ಸರ್ಕಾರಿ ಇಲಾಖೆಯೂ 2023ರಲ್ಲಿ ಅಂಗಡಿಗಳಿಗೆ ಹೇಳಿತು: ಸಾಗಣೆ ದುಡ್ಡು ಯಾರು ಹೊರುತ್ತಿದ್ದಾರೆ ಅಂತ ಜನರಿಗೆ ತಿಳಿಸಿ. ಆಮೇಲೆ 2024ರ ಏಪ್ರಿಲ್‌ನಿಂದ ಡ್ರೈವರ್‌ಗಳ ಓವರ್‌ಟೈಮ್‌ಗೆ ವರ್ಷಕ್ಕೆ 960 ಗಂಟೆ ಅಂತ ಮಿತಿ ಹಾಕಿದರು."

"ಮಿತಿ ಹಾಕಿದ ಮೇಲೂ 960 ಗಂಟೆಯಾ? ಮೊದಲು ಮನೆಗೆ ಹೋಗುತ್ತಿದ್ದರೋ ಇಲ್ಲವೋ!"

"ಅದಕ್ಕೇ 'ಸೋರ್ಯೋ ಕೊಮಿ' ಅನ್ನುವುದು ವಾಸಿ. ಸಾಗಣೆ ಖರ್ಚು ಬೆಲೆಯಲ್ಲೇ ಸೇರಿದೆ ಅಂತ."

"ಅಂದರೆ ಇಷ್ಟು ದಿನ ಗೊತ್ತಿಲ್ಲದೆ ಕೊಡುತ್ತಿದ್ದೆ. ಇನ್ನು ಗೊತ್ತಿದ್ದೂ ಕೊಡಬೇಕು," ಭಟ್ಟ ನಿಟ್ಟುಸಿರು ಬಿಟ್ಟ.

ಗೌಡನ ತಲೆ ಆಗಲೇ ಬೇರೆ ಕಡೆ ಓಡಿತ್ತು. "ಅಕ್ಕ, ರವೆ ಉಂಡೆ ಕಳಿಸುತ್ತೇನೆ ಅಂದಿದ್ರಲ್ಲ?"

"ಅಂಚೆಯ ಲೆಟರ್ ಪ್ಯಾಕ್ ಲಕೋಟೆಯಲ್ಲಿ ಹಾಕುತ್ತೇನೆ. ನಾಲ್ಕು ಕಿಲೋವರೆಗೆ ಒಂದೇ ದರ. ಒಸಾಕಾ ಆದರೂ ಅಷ್ಟೇ, ಒಕಿನಾವಾ ಆದರೂ ಅಷ್ಟೇ. ಲೈಟ್ ಅನ್ನುವುದಕ್ಕೆ 430 ಯೆನ್, ಪ್ಲಸ್‌ಗೆ 600. ಆದರೆ ಲೈಟ್ ಮೂರು ಸೆಂಟಿಮೀಟರ್‌ಗಿಂತ ದಪ್ಪ ಇರಬಾರದು. ಉಂಡೆ ಅದರಲ್ಲಿ ಹಿಡಿಸಲ್ಲ. ಪ್ಲಸ್ಸೇ ಆಗಬೇಕು. ಸೋರ್ಯೋ ನೀನೇ ಕೊಡು."

ಗೌಡ ಬೆರಳೆಣಿಸಿದ. "170 ಯೆನ್ ಜಾಸ್ತಿ ಆಯ್ತಲ್ಲ... ಉಂಡೆ ಬೇಡ ಬಿಡಿ ಅಕ್ಕ. ಹೋಳಿಗೆ ಮಾಡಿ. ಲೈಟಲ್ಲೇ ಬರುತ್ತೆ."