ಪದಚರ್ಚೆ: ಮೆನಾಂಡರನ ‘ಸೋಟೇರ್’ ಬಿರುದಿಗೆ ಕನ್ನಡದಲ್ಲಿ ಏನು? (ತುರ್ತು)

ಎಲ್ಲರಿಗೂ ನಮಸ್ಕಾರ.

ಶಾಲಾ ಮಕ್ಕಳಿಗಾಗಿ ಏರ್ಪಡಿಸಿರುವ ಹಳೆಯ ನಾಣ್ಯಗಳ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ವಾಯವ್ಯ ಭಾರತವನ್ನಾಳಿದ ಇಂಡೋ-ಗ್ರೀಕ್ ಅರಸ ಮೆನಾಂಡರನ ಬೆಳ್ಳಿ ನಾಣ್ಯದ ಬಳಿ ಸಿಕ್ಕಿಕೊಂಡಿದ್ದೇನೆ. ಮುಮ್ಮುಖದಲ್ಲಿ ಗ್ರೀಕ್ ಲಿಪಿಯಲ್ಲಿ ‘ಬಸಿಲೆಯೋಸ್ ಸೋಟೇರೋಸ್ ಮೆನಾಂಡ್ರೂ’ ಎಂದಿದೆ. ‘ಸೋಟೇರ್’ಗೆ ‘ರಕ್ಷಕ’ ಎಂದು ಬರೆದೆ. ಕರಡು ಓದಿದವರೊಬ್ಬರು, ಇದು ಬೈಬಲಿನ ಮಾತಿನಂತೆ ಕೇಳುತ್ತದೆ ಎಂದರು. ‘ಉದ್ಧಾರಕ’ ಎಂದರೆ ಸಮಾಜ ಸುಧಾರಕನ ನೆನಪಾಗುತ್ತದೆ. ಫಲಕದಲ್ಲಿ ಒಂದು ಪದಕ್ಕಷ್ಟೇ ಜಾಗವಿದೆ. ಅವನನ್ನು ‘ಯವನ ರಾಜ’ ಎನ್ನಲೇ, ‘ಗ್ರೀಕ್ ರಾಜ’ ಎನ್ನಲೇ ಎಂಬುದನ್ನೂ ತಿಳಿಸಿ.
– ಸು., ಧಾರವಾಡ

ಮರು:
ಕಾಪಿಗ. ಕಾಪು + ಇಗ. ಲೆಕ್ಕಿಗ, ಗಾಣಿಗ ಇದ್ದ ಹಾಗೆ. ಗ್ರೀಕರ ಮಾತಿಗೂ ಸಂಸ್ಕೃತದ ಬಾಗಿಲು ತಟ್ಟುವ ಚಾಳಿಯನ್ನು ಇನ್ನಾದರೂ ಬಿಡಿ.
– ಕೆ.

ಮರು:
ಮೇಡಂ, ದಯವಿಟ್ಟು ನಾಣ್ಯವನ್ನು ತಿರುಗಿಸಿ ನೋಡಿ. ಹಿಮ್ಮುಖದಲ್ಲಿ ಸಿಡಿಲನ್ನು ಎಸೆಯುತ್ತಿರುವ ಅಥೇನಾ ದೇವಿಯ ಸುತ್ತ, ಖರೋಷ್ಠಿ ಲಿಪಿಯಲ್ಲಿ ‘ಮಹರಜಸ ತ್ರತರಸ ಮೆನಂದ್ರಸ’ ಎಂದಿದೆ. ನೀವು ಹುಡುಕುತ್ತಿರುವ ಅನುವಾದವನ್ನು ಮೆನಾಂಡರನ ಕಮ್ಮಟದಲ್ಲಿಯೇ ಮಾಡಿ ಮುಗಿಸಿದ್ದಾರೆ. ‘ತ್ರತರ’ ಎಂಬುದು ತ್ರಾತೃ ಶಬ್ದದ ಪ್ರಾಕೃತ ರೂಪ. ಖರೋಷ್ಠಿಯಲ್ಲಿ ದೀರ್ಘವನ್ನು ತೋರಿಸುವುದಿಲ್ಲ. ಕೊನೆಯ ‘ಸ’ ಷಷ್ಠಿ. ಮುಮ್ಮುಖದ ಗ್ರೀಕಿನಲ್ಲಿರುವುದೂ ಷಷ್ಠಿಯೇ. ‘ತ್ರಾತೃ’ವಿನಂತೆ ಋಕಾರದಲ್ಲಿ ಮುಗಿಯುವ ಪದಗಳನ್ನು ಈ ಪ್ರಾಕೃತವನ್ನಾಡುತ್ತಿದ್ದ ಗಾಂಧಾರದವರು ಹೇಗೆ ಮಣಿಸಿಕೊಂಡರೋ ನಾವೂ ಹಾಗೆಯೇ ಮಣಿಸಿಕೊಂಡಿದ್ದೇವೆ: ನೇತಾರ, ದಾತಾರ, ಕರ್ತಾರ. ಬಸವಣ್ಣನವರು ‘ಕರ್ತಾರನ ಕಮ್ಮಟ’ ಎಂದಾಗ ಅದು ಪರಭಾಷೆ ಎಂದು ಯಾರಿಗೂ ಅನ್ನಿಸಿಲ್ಲ. ಆದ್ದರಿಂದ ‘ತ್ರಾತಾರ’ ಎಂದೇ ಹಾಕಿ.

ಈ ಬಿರುದು ಪಾರಮಾರ್ಥಿಕವಾದದ್ದಲ್ಲ ಎಂಬುದನ್ನೂ ಗಮನಿಸಬೇಕು. ಮ್ಯಾಸಿಡೋನಿಯದ ಸೇನಾನಿ ಡಿಮೆಟ್ರಿಯಸನ ಮುತ್ತಿಗೆಯಲ್ಲಿ ನೆರವಾದನೆಂದು ರೋಡ್ಸ್ ದ್ವೀಪದವರು ಈಜಿಪ್ಟಿನ 1ನೇ ಟಾಲೆಮಿಯನ್ನು ಸೋಟೇರ್ ಎಂದು ಕರೆದರೆಂದು ಹೇಳುತ್ತಾರೆ. ಆ ಮುತ್ತಿಗೆ ಮುಗಿದದ್ದು ಕ್ರಿ.ಪೂ. 304ರಲ್ಲಿ. ಗಲಾಟಿಯನ್ನರೆಂಬ ದಾಳಿಕೋರರನ್ನು ಸೋಲಿಸಿದ ಸಿರಿಯಾದ ಅರಸ 1ನೇ ಆಂಟಿಯೋಕಸನಿಗೂ ಇದೇ ಬಿರುದು. ನಮ್ಮ ದೇಶದಲ್ಲಿ ಇದು ಗ್ರೀಕರಲ್ಲಿಗೇ ನಿಲ್ಲಲಿಲ್ಲ. ವಿದಿಶೆಯ ಬಳಿ ಹೆಲಿಯೊಡೋರಸ್ ನಿಲ್ಲಿಸಿದ ಗರುಡಗಂಬದ ಶಾಸನದಲ್ಲಿ ಸ್ಥಳೀಯ ಅರಸ ಭಾಗಭದ್ರನಿಗೂ ‘ತ್ರಾತಾರ’ ಎಂಬ ವಿಶೇಷಣವಿದೆ. ರಾಯಭಾರಿಯನ್ನು ಕಳುಹಿಸಿದ ಗ್ರೀಕ್ ಅರಸ ಅಂತಿಯಾಲ್ಕಿಡಾಸನಿಗೆ ಅಲ್ಲಿರುವುದು ಬರಿಯ ‘ಮಹಾರಾಜ’.

ಮೆನಾಂಡರ್ ಆಳಿದ್ದು ಸುಮಾರು ಕ್ರಿ.ಪೂ. 155ರಿಂದ 130ರವರೆಗೆ. ರಾಜಧಾನಿ ಸಾಗಲ, ಇಂದಿನ ಪಾಕಿಸ್ತಾನದ ಸಿಯಾಲಕೋಟೆ ಎಂದು ಗುರುತಿಸುತ್ತಾರೆ. ಭಿಕ್ಷು ನಾಗಸೇನನನ್ನು ಪ್ರಶ್ನೆಗಳಿಂದ ಕಾಡಿದ ಪಾಲಿ ಗ್ರಂಥದ ಮಿಲಿಂದ ಇವನೇ. ಇವನು ದಂಡಿನ ಬಿಡಾರದಲ್ಲಿ ಸತ್ತಾಗ ಊರೂರಿನವರು ಚಿತಾಭಸ್ಮಕ್ಕಾಗಿ ಜಗಳವಾಡಿ, ಕೊನೆಗೆ ಸಮನಾಗಿ ಹಂಚಿಕೊಂಡು ಸ್ಮಾರಕ ಕಟ್ಟಿದರೆಂದು ಪ್ಲುಟಾರ್ಕ್ ಬರೆಯುತ್ತಾನೆ. ಅಂಥ ಅರಸನಿಗೆ ಅವನ ನಾಣ್ಯವೇ ಕೊಟ್ಟ ಪದವನ್ನು ಅಳಿಸಿ ಬೇರೊಂದನ್ನು ಕೂರಿಸುವ ಹಕ್ಕು ನಮಗಿಲ್ಲ.
– ವಿ., ಮೈಸೂರು

ಮರು:
ಅವರು ಗ್ರೀಕ್ ಪದವನ್ನು ತಮ್ಮ ಜನರ ಮಾತಿಗೆ ತಿರುಗಿಸಿದರು. ನಾವು ನಮ್ಮ ಜನರ ಮಾತಿಗೆ ತಿರುಗಿಸಬೇಕು. ಅವರಿಂದ ಕಲಿಯಬೇಕಾದದ್ದು ಆ ಬಗೆಯನ್ನು, ಪದವನ್ನಲ್ಲ. ಕನ್ನಡಿಗನಿಗೆ ತ್ರಾಣ ಎಂದರೆ ಮೈಯ ಕಸುವು. ಜ್ವರ ಬಂದವನು ನಿತ್ರಾಣನಾಗುತ್ತಾನೆ. ‘ತ್ರಾತಾರ’ ಓದಿದ ಮಕ್ಕಳು ಕಸುವುಳ್ಳ ರಾಜ ಎಂದು ತಿಳಿಯುತ್ತಾರೆ.
– ಕೆ.

ಮರು:
‘ಯವನ ರಾಜ’ ಎಂದೇ ಇರಲಿ. ನಮ್ಮ ‘ಯವನಿಕೆ’ಯೂ ಅವರಿಂದ ಬಂದದ್ದು, ಗ್ರೀಕ್ ನಾಟಕದ ಪರದೆ. ಈ ಕುರಿತು ಮೊದಲೂ ಬರೆದಿದ್ದೇನೆ.
– ಶ್ರೀ., ಶಿವಮೊಗ್ಗ

ಮರು:
ಗ್ರೀಕ್ ರಂಗದಲ್ಲಿ ಮುಂಪರದೆಯೇ ಇರಲಿಲ್ಲ. ಪರದೆಗೆ ‘ಜವನಿಕಾ’ ಎಂಬ ರೂಪವೂ ಇದೆ; ಅದನ್ನು ಬದಿಗೊತ್ತಿ ಈ ನಿಷ್ಪತ್ತಿಯನ್ನು ಮತ್ತೆ ಮತ್ತೆ ತರಬೇಡಿ, ಸರ್.

‘ಯವನ’ ಪದಕ್ಕೆ ನನ್ನ ಆಕ್ಷೇಪಣೆ ಬೇರೆ. ಅಶೋಕನ ಶಾಸನದ ‘ಯೋನ ರಾಜ’ ಗ್ರೀಕನೇ, ಸರಿ. ಆದರೆ ಕೃಷ್ಣದೇವರಾಯನ ‘ಯವನರಾಜ್ಯ ಸ್ಥಾಪನಾಚಾರ್ಯ’ ಬಿರುದಿನಲ್ಲಿ ಯವನ ಎಂದರೆ ಬಹಮನಿ ಸುಲ್ತಾನ. ನಮ್ಮ ಮಕ್ಕಳು ಪಾಠದಲ್ಲಿ ಓದಿರುವುದು ಇದನ್ನು. ‘ಗ್ರೀಕ್ ರಾಜ’ ಎಂದರೆ ಗೊಂದಲವಿಲ್ಲ.

ಕೆ. ಅವರಿಗೆ: ‘ಕಾಪಿಗ’ವನ್ನು ಯಾವ ಮಗು ಕೇಳಿದೆ? ಎರವಲು ಬೇಡವೆನ್ನುವವರು ‘ಕೇಂದ್ರ’ವನ್ನು ಏನು ಮಾಡುತ್ತೀರಿ? ಅದು ಗ್ರೀಕಿನ ‘ಕೆಂಟ್ರಾನ್’. ‘ಸುರಂಗ’ ಅವರ ‘ಸಿರಿಂಕ್ಸ್’. ರಾಷ್ಟ್ರಕೂಟರ ಕಾಲದ ‘ದ್ರಮ್ಮ’ ಅವರ ದ್ರಾಕ್ಮಾ. ಇವೆಲ್ಲ ಸಂಸ್ಕೃತದ ಮೂಲಕವೇ ನಮ್ಮಲ್ಲಿಗೆ ಬಂದವು. ದಾರಿಯನ್ನು ದೂರುತ್ತ ಕೂತರೆ ಭಾಷೆ ಬಡವಾಗುತ್ತದೆ.
– ವಿ.

ಮರು:
ಬಂದವನ್ನು ಓಡಿಸಿ ಎಂದು ನಾನು ಎಲ್ಲಿ ಹೇಳಿದೆ? ಹೊಸದಾಗಿ ತರುವಾಗ ಮೊದಲು ಮನೆಯೊಳಗೆ ಹುಡುಕಿ ಎಂದೆ. ‘ಕಾಪಾಡು’ ಎಂಬುದು ಎರಡು ವರ್ಷದ ಕೂಸಿಗೂ ಗೊತ್ತು. ‘ಕಾಪಿಗ’ ಬೇಡವಾದರೆ ‘ಕಾಪಾಡಿದವನು’ ಎನ್ನಿ. ಅದನ್ನೂ ಕೀಳೆಂದು ಬಗೆಯುವವರ ಜೊತೆ ನನಗೆ ಮಾತಿಲ್ಲ.
– ಕೆ.

ಮರು:
ಎಲ್ಲರಿಗೂ ಕೃತಜ್ಞತೆಗಳು. ವಿನ್ಯಾಸ ಮಾಡುವವರನ್ನು ಕೇಳಿ ಇನ್ನೊಂದು ಸಾಲು ಪಡೆದಿದ್ದೇನೆ. ನಾಣ್ಯದ ಎರಡೂ ಮುಖಗಳ ಚಿತ್ರವನ್ನು ಹಾಕುತ್ತಿರುವುದರಿಂದ ಹಿಮ್ಮುಖದ ಪದವನ್ನೇ ಉಳಿಸಿಕೊಂಡು, ಅರ್ಥವನ್ನು ಕೆ. ಅವರ ಮಾತಿನಲ್ಲಿ ಕೊಡುತ್ತೇನೆ. ಅಚ್ಚಿಗೆ ಹೋಗುವ ಪಠ್ಯ ಹೀಗಿದೆ:

ಗ್ರೀಕ್ ರಾಜ ಮೆನಾಂಡರ್ (ಮಿಲಿಂದ), ಸುಮಾರು ಕ್ರಿ.ಪೂ. 155–130
ಬಿರುದು: ತ್ರಾತಾರ, ಎಂದರೆ ಜನರನ್ನು ಕಾಪಾಡಿದವನು

‘ಧ್ರಮಿಕಸ’ (ಧಾರ್ಮಿಕನ) ಎಂದಿರುವ ಮತ್ತೊಂದು ನಾಣ್ಯವೂ ಪಟ್ಟಿಯಲ್ಲಿದೆ. ಅದು 2ನೇ ಮೆನಾಂಡರನದು ಎಂದು ಹಲವು ವಿದ್ವಾಂಸರು ಹೇಳುವುದರಿಂದ ಅದಕ್ಕೆ ಪ್ರತ್ಯೇಕ ಫಲಕ ಮಾಡಿಸುತ್ತೇನೆ. ಕಾಗುಣಿತದ ದೋಷಗಳಿದ್ದರೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ತಿಳಿಸಿ.
– ಸು.