ಮಕ್ಕಳ ಹಾಗೆ ನಂಬೋದು ಹೇಗೆ? ದೊಡ್ಡವರಿಗೆ ಆ ಉತ್ಸಾಹ ಬರುತ್ತಾ?

ಸಿದ್ದಾಪುರ ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಸಮಯ, ತೋಟಕ್ಕೆ ಆನೆ ಕಾಟ ಜಾಸ್ತಿ. ಮೊನ್ನೆ ರಾತ್ರಿ ಪ್ರಾರ್ಥನೆಯಲ್ಲಿ ಒಂದನೇ ಕ್ಲಾಸಿನ ಮಗಳು, "ಯೇಸಪ್ಪಾ, ಆನೆಗೆ ಕಾಡಲ್ಲೇ ಊಟ ಕೊಡು, ನಮ್ಮ ಬಾಳೆ ಬೇಡ" ಅಂದಳು. ಆಮೆನ್ ಅಂದವಳೇ ಕಿಟಕಿಗೆ ಓಡಿದಳು, ಆನೆ ಹೋಯಿತಾ ಅಂತ ನೋಡೋದಕ್ಕೆ. ತುದಿಗಾಲಲ್ಲಿ ನಿಂತು, ಗಾಜಿಗೆ ಮೂಗು ಒತ್ತಿಕೊಂಡು, ಕತ್ತಲಲ್ಲಿ ಹುಡುಕುತ್ತಿದ್ದಳು. ಅದೇ ಪ್ರಾರ್ಥನೆ ನಾನೂ ಮಾಡಿದ್ದೆ. ಆದರೆ ಆಗಲೇ ಎದ್ದು ಬಾಗಿಲಿಗೆ ಚಿಲಕ ಹಾಕುತ್ತಿದ್ದೆ.

ಬೆಳಿಗ್ಗೆ ನೋಡಿದರೆ ಬಾಳೆ ಸಾಲು ನೆಲಸಮ. ಅವಳು ಸ್ವಲ್ಪ ಹೊತ್ತು ಅತ್ತು, "ಇವತ್ತು ಮತ್ತೆ ಕೇಳೋಣ ಪಪ್ಪಾ" ಅಂದಳು. ನನಗೆ ಆ ನಂಬಿಕೆ ಬೇಕು. ಚಿಕ್ಕ ಮಕ್ಕಳಂತೆ ಆಗದಿದ್ದರೆ ಪರಲೋಕ ರಾಜ್ಯ ಸೇರೋದಿಲ್ಲ ಅಂತ ಬೈಬಲಿನ ಮತ್ತಾಯ 18ರಲ್ಲಿದೆ. ನಮ್ಮ ವಯಸ್ಸಿನವರು ಅದನ್ನು ಬೆಳೆಸಿಕೊಳ್ಳೋದು ಹೇಗೆ?

ವಿರಾಜಪೇಟೆ ಟೀಚರ್:
ತಮ್ಮಾ, ಲೂಕ 18 ಓದಿ. ಅಲ್ಲಿ ಯೇಸುವಿನ ಹತ್ತಿರ ತಂದದ್ದು ಕೂಸುಗಳನ್ನು. ಅವು ತಾವಾಗಿ ಬಂದಿಲ್ಲ, ಯಾರೋ ಎತ್ತಿಕೊಂಡು ಬಂದರು. ಕೈಯಲ್ಲಿ ಏನೂ ಇಲ್ಲ, ಉತ್ಸಾಹವೂ ಇಲ್ಲ. ಆದರೂ ದೇವರ ರಾಜ್ಯ ಇಂಥವರದೇ ಅಂದರು. ಅದರ ಬೆನ್ನಿಗೇ ಒಬ್ಬ ಶ್ರೀಮಂತ ಅಧಿಕಾರಿ ಬರುತ್ತಾನೆ. ಚಿಕ್ಕಂದಿನಿಂದ ಆಜ್ಞೆಗಳನ್ನೆಲ್ಲ ಪಾಲಿಸಿದವನು, ಆದರೆ ಇದ್ದದ್ದನ್ನು ಬಿಡಲಾರದೆ ದುಃಖಪಟ್ಟ. ಮುಂದಿನ ಅಧ್ಯಾಯದ ಜಕ್ಕಾಯನೂ ಶ್ರೀಮಂತನೇ, ಸುಂಕದವರ ಮುಖ್ಯಸ್ಥ. ಯೇಸುವನ್ನು ನೋಡಬೇಕು ಅಂತ ಮುಂದೆ ಓಡಿ ಮರ ಹತ್ತಿದ! ಜನ ಏನಂದುಕೊಳ್ಳುತ್ತಾರೋ ಅಂತ ಯೋಚಿಸಲಿಲ್ಲ. ನಮಗೆ ಇದೇ ಕಷ್ಟ. ಪೂಜೆಯಲ್ಲಿ ಗಟ್ಟಿಯಾಗಿ ಹಾಡೋದಕ್ಕೂ ಅಕ್ಕಪಕ್ಕ ನೋಡುತ್ತೇವೆ.

ಮನಸ್ಸು ಅರಳಲಿ ಆಮೇಲೆ ನೋಡೋಣ ಅಂತ ಕಾಯಬೇಡಿ. ಫ್ರಾನ್ಸಿನ ಸನ್ಯಾಸಿನಿ, ಬಾಲಯೇಸುವಿನ ಸಂತ ತೆರೇಸಾ, ಮಗುವಿನ ಭರವಸೆಯನ್ನೇ ದಾರಿ ಮಾಡಿಕೊಂಡವರು. 1897ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡರು. ಕೊನೆಯ ಸುಮಾರು ಒಂದೂವರೆ ವರ್ಷ, ಪರಲೋಕ ಇದೆಯೋ ಇಲ್ಲವೋ ಅನ್ನುವ ಕತ್ತಲು ಅವರನ್ನು ಕಾಡಿತ್ತು. ಆದರೂ ದೇವರ ಕೈ ಬಿಡಲಿಲ್ಲ. ಇವತ್ತು ಮಗಳೇ ಪ್ರಾರ್ಥನೆ ನಡೆಸಲಿ. ಅವಳು ಕಿಟಕಿಗೆ ಹೋದರೆ ನೀವೂ ಹೋಗಿ ನಿಲ್ಲಿ.

ಹಟ್ಟಿಹೊಳೆ ಕಡೆಯವನು:
ಅಣ್ಣಾ, 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ನಮ್ಮ ಮನೆ ಹೋಯಿತು. ಆಗ ಯಾರಾದರೂ "ಮಗುವಿನ ಹಾಗೆ ನಂಬು" ಅಂದರೆ ಸಿಟ್ಟು ಬರುತ್ತಿತ್ತು. ಸುಮ್ನೆ ನಗುತ್ತಾ ಇರು ಅಂದ ಹಾಗೆ ಕೇಳಿಸುತ್ತಿತ್ತು. ಮಕ್ಕಳು ಹಾಗಿರಲ್ಲ ಅಲ್ವಾ? ಅಳುತ್ತವೆ, ಹಠ ಹಿಡಿಯುತ್ತವೆ, ಎತ್ತಿಕೊಂಡ ಅಪ್ಪನ ಎದೆಗೇ ಗುದ್ದುತ್ತವೆ. ಪರಿಹಾರ ಕೇಂದ್ರದಲ್ಲಿ ಮಲಗಿ ಕೀರ್ತನೆ 13 ಓದುತ್ತಿದ್ದೆ. ಇನ್ನೂ ಎಷ್ಟು ದಿನ ಅಂತ ದೇವರನ್ನೇ ಮತ್ತೆ ಮತ್ತೆ ಕೇಳುವ ಕೀರ್ತನೆ ಅದು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು "ಅಪ್ಪಾ" ಅಂತ ಕರೆದು, ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ನನ್ನಿಂದ ತೆಗೆದುಬಿಡು ಅಂತ ನೇರವಾಗಿ ಕೇಳಿದರು. ನಿನ್ನ ಚಿತ್ತದಂತೆ ಆಗಲಿ ಅಂದದ್ದು ಆಮೇಲೆ. ನಾವು ಎರಡನೆಯದನ್ನೇ ಮೊದಲು ಹೇಳಿ ಮುಗಿಸುತ್ತೇವೆ, ಕೇಳೋದೇ ಇಲ್ಲ. ನಿಮ್ಮ ಮಗಳು ಕೇಳುತ್ತಾಳೆ.

ಸಿದ್ದಾಪುರ ಬೆಳೆಗಾರ:
ಟೀಚರ್, ತಮ್ಮಾ, ಇಬ್ಬರಿಗೂ ದೇವರು ಒಳ್ಳೇದು ಮಾಡಲಿ. ಕಣ್ಣು ತುಂಬಿ ಬಂತು. ಒಂದೇ ಭಯ. ಇವತ್ತೂ ಆನೆ ಬಂದರೆ ಅವಳಿಗೆ ಏನು ಹೇಳಲಿ?

ವಿರಾಜಪೇಟೆ ಟೀಚರ್:
ನಿಜಾನೇ ಹೇಳಿ. ಯಾಕೆ ಬಂತೋ ಪಪ್ಪನಿಗೂ ಗೊತ್ತಿಲ್ಲ, ನಾಳೆನೂ ಕೇಳೋಣ ಅನ್ನಿ. ಅವಳಿಗೆ ಅಷ್ಟು ಸಾಕು. ಕೆಟ್ಟದ್ದರಲ್ಲಿ ಶಿಶುಗಳಾಗಿ, ಬುದ್ಧಿಯಲ್ಲಿ ದೊಡ್ಡವರಾಗಿ ಅಂತ ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ. ಪ್ರಾರ್ಥನೆಯ ಜೊತೆಗೆ ಅರಣ್ಯ ಇಲಾಖೆಗೂ ಫೋನ್ ಮಾಡಿ. ಬೆಳಕು ಹರಿಯೋ ಮುಂಚೆ ಮಗಳನ್ನು ಅಂಗಳಕ್ಕೆ ಬಿಡಬೇಡಿ.