ನಾಲ್ಕು ವರ್ಷದ ಮಗಳಿಗೆ ಮನೆಯಲ್ಲೇ ಕನ್ನಡ ಓದು: ನಿಮ್ಮ ಅನುಭವ ಹೇಳಿ

ಪುಟ್ಟಿ ಅಮ್ಮ: ಮಗಳಿಗೆ 4 ವರ್ಷ 3 ತಿಂಗಳು. ಶಾಲೆಯಲ್ಲಿ ಬರೀ ಇಂಗ್ಲಿಷ್. ಅ ಆ ಇ ಈ ಹಾಡಿನ ಥರ ಹೇಳುತ್ತಾಳೆ, ಅಕ್ಷರದ ಮೇಲೆ ಬೆರಳಿಟ್ಟು ಕೇಳಿದರೆ ಸುಮ್ಮನಾಗುತ್ತಾಳೆ. ಸಂಜೆ ನನಗೆ ಸಿಗುವುದು 20 ನಿಮಿಷ. ನೀವೆಲ್ಲ ಹೇಗೆ ಶುರು ಮಾಡಿದಿರಿ?

ಚಿನ್ನು ಅಪ್ಪ: ನಾನು ದುಡ್ಡು ಸುರಿದವನು, ಕೇಳಿ. ಮೊದಲು ಪ್ಲಾಸ್ಟಿಕ್ ಅಕ್ಷರಗಳ ಸೆಟ್ಟು, 1,250 ರೂಪಾಯಿ. ಅದರಲ್ಲಿ ಒತ್ತಕ್ಷರವೇ ಇಲ್ಲ. ‘ಅಮ್ಮ’, ‘ಅಪ್ಪ’ ಅಂತ ಜೋಡಿಸಲೂ ಆಗಲಿಲ್ಲ. ಮಗು ಮೊದಲು ಓದಬೇಕು ಅನ್ನುವುದು ಅದೇ ಅಲ್ವಾ? ಆಮೇಲೆ ಆನ್‌ಲೈನ್ ಕ್ಲಾಸು, ತಿಂಗಳಿಗೆ 1,800, ಐದು ತಿಂಗಳು. ಒಟ್ಟು 10,250 ಹೋಯಿತು. ಮಗನಿಗೆ ಇಡೀ ಕಾಗುಣಿತ ಬಾಯಿಪಾಠ ಆಯಿತು, ಓದು ಮಾತ್ರ ಬರಲಿಲ್ಲ. ‘ಕೊ’ ತೋರಿಸಿದರೆ ಬೆರಳು ಮಡಚುತ್ತಾ ಕ ಕಾ ಕಿ ಕೀ ಅಂತ ಮೊದಲಿನಿಂದ ಹೇಳಿಕೊಂಡು ಬರುತ್ತಿದ್ದ. ಮಧ್ಯೆ ತಪ್ಪಿದರೆ ಮತ್ತೆ ‘ಕ’. ನೋಡುತ್ತಾ ಕೂತ ನನಗೇ ಅಳು ಬರುತ್ತಿತ್ತು.

ಹಳ್ಳಿ ಶಾಲೆ ಮೇಷ್ಟ್ರು: ವರ್ಣಮಾಲೆ ಹಿಡಿದು ಹೊರಟರೆ ಹೀಗೇ ಆಗುವುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಅನ್ನುವ ಕಲಿಕಾ ಪದ್ಧತಿಯಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ನನ್ನ ಮಗಳಿಗೂ ಅಡುಗೆಮನೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಈ ಐದನ್ನೇ ಬರೆದೆ. ಸರ, ಅರಸ, ಅಗಸ ಆಯಿತು. ಹತ್ತನೇ ದಿನ ‘ಗರಗಸ’ ಅಂತ ತಾನೇ ಓದಿ, ಓಡಿಹೋಗಿ ಅಟ್ಟದ ಕೆಳಗಿದ್ದ ಗರಗಸ ತೋರಿಸಿದಳು. ಖರ್ಚು ಒಂದು ಡಬ್ಬಿ ಸೀಮೆಸುಣ್ಣ.

ತೀರ್ಥಹಳ್ಳಿ ಅಜ್ಜಿ: ಇದೆಂಥ ಕ್ರಮ ಮೇಷ್ಟ್ರೇ? ಮೊಮ್ಮಗನಿಗೆ ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿ, ಆಮೇಲೆ ದಿನಾ ಹರಿವಾಣದ ಅಕ್ಕಿಯಲ್ಲಿ ಕೈ ಹಿಡಿದು ತಿದ್ದಿಸಿದ್ದೇನೆ. ಅ ಆ ಇಂದಲೇ. ಎಂಟು ತಿಂಗಳು ಹಿಡಿಯಿತು, ಹಿಡಿಯಲಿ. ನಾಳೆ ನಿಘಂಟು ನೋಡಲು ಕ್ರಮ ಬೇಡವೇ?

ಹಳ್ಳಿ ಶಾಲೆ ಮೇಷ್ಟ್ರು: ಕ್ರಮ ಬೇಡ ಅಂತ ನಾನೆಲ್ಲಿ ಹೇಳಿದೆ ಅಮ್ಮಾ? ನಾಲ್ಕು ವರ್ಷದ ಮಗು ನಿಘಂಟು ನೋಡುವುದಿಲ್ಲ. ಋ, ಙ, ಞ ತಿದ್ದುತ್ತಾ ಕೂತರೆ ಅದು ಒಂದು ಪದ ಓದುವುದು ಯಾವಾಗ?

ತೀರ್ಥಹಳ್ಳಿ ಅಜ್ಜಿ: ನಾವು ಹಾಗೇ ಕಲಿತು ಓದಲಿಲ್ಲವೇ? ಕಲಿಸುವವರಿಗೆ ತಾಳ್ಮೆ ಇಲ್ಲ, ಅಷ್ಟೇ.

ಮಂಡ್ಯದ ತಾಯಿ: ತಾಳ್ಮೆ ವಿಷಯ ನಾನು ಹೇಳ್ತೀನಿ. ನನ್ನ ಮಗ ‘ಹಾಲು’ ನೋಡಿ ‘ಆಲು’ ಅಂತ ಓದುತ್ತಿದ್ದ. ನಮ್ಮ ಕಡೆ ಎಲ್ಲರೂ ಅನ್ನುವುದೇ ಹಾಗೆ. ಟ್ಯೂಷನ್ನಲ್ಲಿ ಒಬ್ಬರು ಎಲ್ಲರೆದುರು ಇಪ್ಪತ್ತು ಸಲ ‘ಹ, ಹ’ ಅನ್ನಿಸಿದರು. ಎರಡು ತಿಂಗಳು ಮಗು ಪುಸ್ತಕ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ತೀರ್ಥಹಳ್ಳಿ ಅಜ್ಜಿ: ಎಲ್ಲರೆದುರು ಅನ್ನಿಸಿದ್ದು ತಪ್ಪು. ಆದರೆ ತಿದ್ದಲೇಬೇಕಲ್ಲ. ಹಕಾರ ಬಿಟ್ಟರೆ ಕನ್ನಡ ಹಾಳಾಗುತ್ತದೆ.

ಮಂಡ್ಯದ ತಾಯಿ: ನಮ್ಮ ಕನ್ನಡ ಹಾಳಾದ ಕನ್ನಡ ಅಲ್ಲ ಅಜ್ಜಿ. ಅವನಿಗೆ ಅಕ್ಷರವೂ ಗೊತ್ತಿತ್ತು, ಅರ್ಥವೂ ಗೊತ್ತಿತ್ತು. ಓದಿ, ಹೋಗಿ ಹಾಲಿನ ಲೋಟ ಹಿಡಿದುಕೊಂಡು ಬರುತ್ತಿದ್ದ. ಓದು ಅಂದರೆ ಇನ್ನೇನು? ಈಗ ರಾತ್ರಿ ನಮ್ಮ ಅವ್ವನಿಗೆ ಓದಿ ಹೇಳುತ್ತಾನೆ. ಅವ್ವ ತಿದ್ದುವುದಿಲ್ಲ, ಆಮೇಲೇನಾಯ್ತು ಅಂತ ಕೇಳುತ್ತಾಳೆ.

ಚಿನ್ನು ಅಪ್ಪ: ನಮ್ಮವನು ಈಗ ಅರ್ಕಾವತ್ತಿನಲ್ಲಿ ಸಿಕ್ಕಿಬಿದ್ದಿದ್ದಾನೆ. ‘ಸೂರ್ಯ’ ಬರೆದರೆ ‘ಸೂಯ್ರ’ ಅನ್ನುತ್ತಾನೆ. ಕೊನೆಯಲ್ಲಿ ಬರೆದಿದ್ದನ್ನು ಮೊದಲು ಯಾಕೆ ಓದಬೇಕು ಅಂತ ಕೇಳಿದ. ಮೇಷ್ಟ್ರೇ, ಇದಕ್ಕೆ ನೀವು ಏನು ಹೇಳ್ತೀರಿ?